ಸೊಳ್ಳೆಗೆ ಹೊಡೆದ ಮದ್ದು ಮನೆಗೆ ವಿಷವಾಗದಿರಲಿ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಸಂಘದ ಗೊಬ್ಬರ-ಔಷಧಿ ಮಳಿಗೆಯಲ್ಲಿ ಹದಿನೆಂಟು ವರ್ಷ ಕೂತು ವ್ಯಾಪಾರ ಮಾಡಿದವನು ನಾನು. ಎರಡು ಮಾತು ಹೇಳಬೇಕೆಂದು ಹಿರಿಯರ ಅಪ್ಪಣೆಯಾಗಿದೆ. ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ಒಂದು ಮಳೆಗಾಲದಲ್ಲಿ ಸದಸ್ಯರೊಬ್ಬರು ಬಂದು, "ಅಣ್ಣಾ, ಗದ್ದೆಗೆ ಹೊಡೆದು ಉಳಿದ ಔಷಧಿ ಐತೆ. ಕೊಟ್ಟಿಗೇಲಿ ನೊಣ, ಸೊಳ್ಳೆ ಕಾಟ. ಹೊಡೀಬಹುದಾ?" ಎಂದು ಕೇಳಿದರು. ಮಳಿಗೆ ತುಂಬ ಜನ. ನಾನು ತಲೆ ಎತ್ತದೆ "ಹೊಡೀರಿ, ಏನಾಗಲ್ಲ" ಅಂದುಬಿಟ್ಟೆ. ಮಾರನೇ ದಿನ ಗೋದಲಿ ನೆಕ್ಕಿದ ಕರು ನೊರೆ ಕಾರಿ ಸತ್ತಿತು. ಅವರು ನನ್ನನ್ನು ಬೈಯಲಿಲ್ಲ. ಆ ಮನೆಯ ಅಜ್ಜಿ ಮಾತ್ರ, "ನನ್ನ ಮೊಮ್ಮಗನೂ ಅಲ್ಲೇ ಆಡ್ತಿದ್ದನಲ್ಲಪ್ಪಾ" ಅಂದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಬೆಳೆಗೆ ಕೊಟ್ಟ ವಿಷ ಬೆಳೆಗೆ ಮಾತ್ರ. ಮನೆಗೂ ಬೇಡ, ಕೊಟ್ಟಿಗೆಗೂ ಬೇಡ.

ಹಾಗಾದರೆ ಸೊಳ್ಳೆಗೇನು ಮಾಡೋಣ? ಮೊದಲ ಮದ್ದು ನೀರು ಚೆಲ್ಲುವುದು. ಮೊಟ್ಟೆಯಿಂದ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಸುಮಾರು 8-10 ದಿನ ಬೇಕು. ವಾರಕ್ಕೊಮ್ಮೆ ಡ್ರಮ್ಮು, ತೊಟ್ಟಿ, ಹೂಕುಂಡದ ತಟ್ಟೆ ಬರಿದು ಮಾಡಿ ತಿಕ್ಕಿ ತೊಳೆದರೆ ಹುಳು ಸೊಳ್ಳೆಯಾಗುವುದೇ ಇಲ್ಲ. ತಿಕ್ಕಲೇಬೇಕು, ಏಕೆಂದರೆ ಡೆಂಗ್ಯೂ ಸೊಳ್ಳೆಯ ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿಕೊಂಡು ಒಣಗಿಯೂ ತಿಂಗಳುಗಟ್ಟಲೆ ಬದುಕುತ್ತದೆ. ಈ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ. ಹಳೇ ಟೈರು, ತೆಂಗಿನ ಚಿಪ್ಪು, ಅಡಿಕೆ ಹಾಳೆಯಲ್ಲಿ ನಿಂತ ನೀರೂ ಅದಕ್ಕೆ ಸಾಕು. ಬರಿದು ಮಾಡಲಾಗದ ತೊಟ್ಟಿಗೆ ಗಪ್ಪಿ ಮೀನು ಬಿಡಿ. ಕುಡಿಯುವ ನೀರಿಗೆ ಔಷಧಿ ಹಾಕುವುದನ್ನು ಅಳತೆ ಬಲ್ಲ ಆರೋಗ್ಯ ಸಿಬ್ಬಂದಿಗೇ ಬಿಡಿ.

ದನಗಳ ರಕ್ತ ಹೀರುವ ನೊಣ ಹುಟ್ಟುವುದು ಗಂಜಲ, ಸಗಣಿ ಬೆರೆತ ಹಸಿ ಹುಲ್ಲಿನಲ್ಲಿ. ಅದನ್ನು ದಿನಾ ಎತ್ತಿ, ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ದನದ ಮೈಗೆ ಔಷಧಿ ಬೇಕಾದರೆ ಪಶುವೈದ್ಯರನ್ನು ಕೇಳಿ. ಹಾಲು ಎಷ್ಟು ದಿನ ಬಳಸಬಾರದು ಎಂಬುದನ್ನೂ ಕೇಳಿಕೊಳ್ಳಿ.

ಇಷ್ಟಾದರೂ ಔಷಧಿ ಬೇಕೇ ಬೇಕೆಂದರೆ, ಸೊಳ್ಳೆ-ನೊಣಕ್ಕೆಂದೇ ಬರೆದಿರುವುದನ್ನೇ ತನ್ನಿ. ಡಬ್ಬಿಯ ಮೇಲಿನ ಬಣ್ಣ ನೋಡಿ: ಕೆಂಪು ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರೆಂದರೆ ವಿಷವೇ ಅಲ್ಲ ಅಂತಲ್ಲ. ಒಂದು ಮುಚ್ಚಳ ಹೆಚ್ಚಿಗೆ ಹಾಕಿದರೆ ಗುಣ ಹೆಚ್ಚಲ್ಲ, ಅಪಾಯ ಹೆಚ್ಚು. ತುಂಬು ತೋಳಿನ ಅಂಗಿ ಹಾಕಿ, ಕೈಗೆ ಗವಸು, ಮುಖಕ್ಕೆ ಮುಸುಕು ಇರಲಿ. ಗಾಳಿಗೆ ಎದುರಾಗಿ ಹೊಡೆಯಬೇಡಿ. ನಳಿಕೆ ಕಟ್ಟಿದರೆ ಬಾಯಿಂದ ಊದಬೇಡಿ. ಪಂಪನ್ನು ಕೆರೆ, ಹಳ್ಳದಲ್ಲಿ ತೊಳೆದರೆ ಸೊಳ್ಳೆಹುಳು ತಿನ್ನುವ ಮೀನೇ ಸಾಯುತ್ತದೆ.

ಖಾಲಿ ಡಬ್ಬಿಯ ಮೇಲೆ ನಮ್ಮ ಹೆಣ್ಣುಮಕ್ಕಳಿಗೆ ಆಸೆ. 2013ರ ಜುಲೈಯಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ತೀರಿಕೊಂಡರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸೇರಿತ್ತು. ವಿಷದ ಡಬ್ಬಿ ಎಷ್ಟು ತೊಳೆದರೂ ವಿಷದ ಡಬ್ಬಿಯೇ. ತೂತು ಮಾಡಿಬಿಡಿ. ಔಷಧಿಯನ್ನು ಬೇರೆ ಬಾಟಲಿಗೆ ಸುರಿದಿಡಬೇಡಿ, ಬೀಗದೊಳಗೆ ಇಡಿ.

ಆಕಸ್ಮಾತ್ ಮೈಮೇಲೆ ಬಿದ್ದರೆ ಬಟ್ಟೆ ಬಿಚ್ಚಿ, ಸೋಪು ಹಾಕಿ ತೊಳೆಯಿರಿ. ಹೊಟ್ಟೆಗೆ ಹೋದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಡಬ್ಬಿಯ ಸಮೇತ ಆಸ್ಪತ್ರೆಗೆ ಓಡಿ.

ನಮ್ಮ ಮಳಿಗೆಯಲ್ಲಿ ಈಗ ಕೂತಿರುವ ತಮ್ಮನಿಗೆ ಕೊನೆಯ ಮಾತು: ಎಷ್ಟೇ ಜನ ನಿಂತಿರಲಿ, "ಯಾವುದಕ್ಕೆ ಹೊಡೀತೀರಿ?" ಎಂದು ಕೇಳದೆ ಡಬ್ಬಿ ಕೊಡಬೇಡಪ್ಪಾ. ನಾನು ಅಂದು ತಲೆ ಎತ್ತಿ ಕೇಳಿದ್ದರೆ ಆ ಕರು ಬದುಕುತ್ತಿತ್ತು.