ತಬ್ಬಲಿ ಕರುವಿಗೆ ಸಾಕುತಾಯಿ

(ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

 

ಬಸದಿಯ ಪ್ರತಿಷ್ಠೆಯ ಈ ಶುಭಸಂದರ್ಭದಲ್ಲಿ ಕೊಟ್ಟಿಗೆಯ ವಿಷಯವನ್ನೆತ್ತಿಕೊಂಡಿರುವುದು ತಮಗೆ ವಿಚಿತ್ರವಾಗಿ ತೋರಬಹುದು. ಆದರೆ ತಾವೆಲ್ಲರೂ ಕಂಡಿರುವ ಒಂದು ಚಿತ್ರವನ್ನು ನೆನಪಿಗೆ ತರಬಯಸುತ್ತೇನೆ. ಆಕಳೂ ಸಿಂಹಿಣಿಯೂ ಒಂದೇ ಪಾತ್ರೆಯಲ್ಲಿ ನೀರು ಕುಡಿಯುತ್ತಿವೆ; ಆಕಳ ಕೆಚ್ಚಲಿಗೆ ಸಿಂಹದ ಮರಿ ಬಾಯಿಟ್ಟಿದೆ; ಸಿಂಹಿಣಿಯ ಮೊಲೆಯನ್ನು ಕರು ಉಣ್ಣುತ್ತಿದೆ. ಅಹಿಂಸೆಯ ಸನ್ನಿಧಿಯಲ್ಲಿ ಜನ್ಮವೈರವೂ ಅಡಗುತ್ತದೆಂಬುದು ಅದರ ತಾತ್ಪರ್ಯ. ಚಿತ್ರದಲ್ಲಿ ಇದು ಸುಲಭ. ಕೊಟ್ಟಿಗೆಯಲ್ಲಾದರೋ ಸಿಂಹದ ಮಾತಿರಲಿ, ಒಂದು ಆಕಳ ಕರುವನ್ನು ಮತ್ತೊಂದು ಆಕಳ ಕೆಚ್ಚಲಿಗೆ ಕೂಡಿಸುವುದೂ ಎಷ್ಟು ಕಷ್ಟವೆಂಬುದನ್ನು ಒಕ್ಕಲುತನದ ಮನೆಯವರು ಬಲ್ಲರು.

ನಮ್ಮ ಗೋವಿನ ಹಾಡನ್ನು ಕಟ್ಟಿದ ಜನಪದ ಕವಿಯೂ ಇದನ್ನು ಬಲ್ಲವನಾಗಿದ್ದನು. ಹುಲಿಯ ಬಳಿಗೆ ಹೊರಟ ಪುಣ್ಯಕೋಟಿಯು ತನ್ನ ಕರುವನ್ನು ಒಡನಾಡಿ ಆಕಳುಗಳ ಕೈಗೊಪ್ಪಿಸುವಾಗ ಬೇಡಿಕೊಂಡದ್ದು ಸುಖಸೌಕರ್ಯಗಳನ್ನಲ್ಲ. ಹಾಯುವ ಕೊಂಬು, ಒದೆಯುವ ಕಾಲು, ಇವೆರಡರಿಂದ ತನ್ನ ಕಂದನಿಗೆ ರಕ್ಷಣೆಯನ್ನು ಬೇಡಿತು. ಬೇರೆಯ ಕರುವನ್ನು ಆಕಳು ಮೊದಲು ಎದುರುಗೊಳ್ಳುವುದು ಈ ಎರಡರಿಂದಲೇ. ಇದು ಅದರ ಕ್ರೌರ್ಯವಲ್ಲ. ಕರು ಹಾಕಿದ ಮೊದಲ ಕೆಲವು ಗಂಟೆಗಳಲ್ಲಿ ನೆಕ್ಕುತ್ತ ನೆಕ್ಕುತ್ತ ಆಕಳು ತನ್ನ ಕರುವಿನ ವಾಸನೆಯನ್ನು ಗುರುತಿಟ್ಟುಕೊಳ್ಳುತ್ತದೆ. ಆ ವಾಸನೆಯಿಲ್ಲದ ಕರು ಅದಕ್ಕೆ ಪರಕೀಯ.

ನಾನು ಬಾಲಕನಾಗಿದ್ದಾಗ ನಮ್ಮ ಕೊಟ್ಟಿಗೆಯಲ್ಲಿ ಆಕಳು ಸತ್ತು ಕರು ಉಳಿಯಿತು. ಅದೇ ವಾರ ನೆರೆಮನೆಯಲ್ಲಿ ಕರು ಸತ್ತು ಆಕಳು ಉಳಿಯಿತು. ನೆರೆಯವರು ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿಸಿ ಆಕಳ ಮುಂದೆ ನಿಲ್ಲಿಸಿದರು. ಅದು ಆ ಹುಲ್ಲಿನ ಕರುವನ್ನು ನೆಕ್ಕುತ್ತ ಹಾಲು ಬಿಟ್ಟಿತು. ಆ ಹಾಲನ್ನು ನಾವೂ ಕೊಂಡು ಕುಡಿದೆವು. ನಮ್ಮ ತಬ್ಬಲಿ ಕರುವಿಗೆ ಹಿಟ್ಟಿನ ಗಂಜಿ ಕುಡಿಸಿದೆವು. ಎಂಟನೆಯ ದಿನ ಅದು ಸತ್ತಿತು. ಎರಡು ಕೊಟ್ಟಿಗೆಗಳ ನಡುವೆ ಇದ್ದುದು ಒಂದು ಮಣ್ಣಿನ ಗೋಡೆ ಮಾತ್ರ. ಆಕಳು ಹುಲ್ಲನ್ನು ನೆಕ್ಕುತ್ತಿದ್ದ ಸದ್ದು ಈ ಕಡೆಗೂ ಕೇಳಿಸುತ್ತಿತ್ತು. ಎರಡನ್ನೂ ಕೂಡಿಸಬಹುದೆಂಬ ವಿಚಾರ ಯಾರಿಗೂ ಹೊಳೆಯಲಿಲ್ಲ. ಅಂದಿನಿಂದ ಇಂದಿನವರೆಗೆ ಈ ಮಾತು ನನ್ನ ಮನಸ್ಸನ್ನು ಬಿಟ್ಟಿಲ್ಲ.

ಇದು ಕಳೆದುಹೋದ ಕಾಲದ ಕಥೆಯಲ್ಲ. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ರಾಯಚೂರು ಸೀಮೆಯಲ್ಲಿ ಮಳೆ ಹೋದ ವರ್ಷ ಮೊದಲು ಸೊರಗುವುದು ಗಬ್ಬದ ಆಕಳೇ. 2022ರಲ್ಲಿ ಚರ್ಮಗಂಟು ರೋಗವು ಕರ್ನಾಟಕದಲ್ಲಿ ಹಬ್ಬಿ ಸಾವಿರಾರು ದನಗಳನ್ನು ಬಲಿ ತೆಗೆದುಕೊಂಡಿತು. ಹೀಗೆ ತಾಯಿ ಸತ್ತಾಗ ಹಿಂದೆ ಉಳಿಯುವ ಕರುವಿನ ಗತಿಯೇನು? ಗುಂಜಹಳ್ಳಿಯಂತಹ ಊರುಗಳ ಒಕ್ಕಲು ಮನೆಗಳು ತಾವೇ ಉತ್ತರಿಸಿಕೊಳ್ಳಬೇಕಾದ ಪ್ರಶ್ನೆಯಿದು.

ಉಪಾಯವು ಕಠಿಣವಲ್ಲ, ತಾಳ್ಮೆ ಬೇಕು. ಮೊದಲನೆಯದು ಗಿಣ್ಣುಹಾಲು. ರೋಗವನ್ನು ತಡೆಯುವ ಶಕ್ತಿ ಕರುವಿಗೆ ಗರ್ಭದಲ್ಲಿ ದೊರೆಯುವುದಿಲ್ಲ, ಗಿಣ್ಣಿನಿಂದಲೇ ದೊರೆಯಬೇಕು. ಹುಟ್ಟಿದ 6 ಗಂಟೆಗಳೊಳಗೆ ಕುಡಿಸಿದರೆ ಉತ್ತಮ. ಒಂದು ದಿನ ಕಳೆದ ಮೇಲೆ ಕರುಳು ಆ ಸತ್ವವನ್ನು ಹೀರಿಕೊಳ್ಳಲಾರದು. ಆಮೇಲೆ ದಿನಕ್ಕೆ ತೂಕದ ಹತ್ತನೆಯ ಒಂದು ಪಾಲು ಹಾಲು, ಎಂದರೆ 20 ಕಿಲೋ ಕರುವಿಗೆ 2 ಲೀಟರ್, ಬೇಕಾಗುತ್ತದೆ.

ಸಾಕುತಾಯಿಯಾಗಲು ಕರುವನ್ನು ಕಳೆದುಕೊಂಡ ಆಕಳೇ ಯೋಗ್ಯವಾದದ್ದು. ಅದು ಈಗತಾನೇ ಈದಿದ್ದರೆ ಮಾಸಿನ ನೀರನ್ನು ತಬ್ಬಲಿಯ ಬೆನ್ನಿಗೂ ಬಾಲದ ಬುಡಕ್ಕೂ ಸವರಬೇಕು. ದಿನಗಳಾಗಿದ್ದರೆ ಸತ್ತ ಕರು ಮಲಗಿದ್ದ ಗೋಣಿಯಿಂದ ಮೈ ಒರೆಸಿ, ಉಪ್ಪುನೀರನ್ನೋ ಬೆಲ್ಲದ ನೀರನ್ನೋ ಚಿಮುಕಿಸಬೇಕು. ಆಕಳು ರುಚಿಗಾಗಿ ನೆಕ್ಕತೊಡಗುತ್ತದೆ; ನೆಕ್ಕಿದ ಕರು ಅರ್ಧ ತನ್ನದಾದಂತೆಯೇ. ಸತ್ತ ಕರುವಿನ ತೊಗಲನ್ನು ತಬ್ಬಲಿಗೆ ಕೆಲವು ದಿನ ಹೊದಿಸುವ ರೂಢಿಯೂ ಉಂಟು. ನೋಡುವ ಕಣ್ಣಿಗೆ ಅದು ಕಠೋರವೆನಿಸಬಹುದು. ಆದರೆ ಹುಲ್ಲನ್ನು ಹೊದೆಯುವುದಕ್ಕಿಂತ ಆ ತೊಗಲು ಒಂದು ಜೀವವನ್ನು ಹೊದೆದರೆ ಲೇಸಲ್ಲವೇ?

ಸ್ವಂತ ಕರುವುಳ್ಳ ಆಕಳಾದರೆ ಎರಡಕ್ಕೂ ಸಾಲುವಷ್ಟು ಹಾಲಿರಬೇಕು. ತಬ್ಬಲಿಯನ್ನು ಉಳಿಸಲು ಹೋಗಿ ಮನೆಯ ಕರುವನ್ನು ಬಡಕಲು ಮಾಡಬಾರದು. ಅದರ ಕರು ಉಣ್ಣುತ್ತಿರುವಾಗಲೇ ತಬ್ಬಲಿಯನ್ನು ಹಿಂಗಾಲುಗಳ ನಡುವಿನಿಂದ ಬಿಟ್ಟರೆ ಆಕಳು ಬೇಗ ಗುರುತಿಸದು. ಕೆಚ್ಚಲುಬಾವು, ಕ್ಷಯ ಮೊದಲಾದ ರೋಗಗಳಿಲ್ಲವೆಂಬುದನ್ನು ಪಶುವೈದ್ಯರಿಂದ ಮೊದಲೇ ತಿಳಿಯುವುದು ಅವಶ್ಯ. ಹತ್ತಿರ ನಿಂತು ಕಾಯಬೇಕು. ಕೆಲವು ಆಕಳುಗಳು ಒಂದೇ ದಿನದಲ್ಲಿ ಒಪ್ಪುತ್ತವೆ. ಕೆಲವು ವಾರ ಹಿಡಿಯುತ್ತವೆ. ಕೆಲವು ಒಪ್ಪುವುದೇ ಇಲ್ಲ, ಆಗ ಬಾಟಲಿಯಿಂದ ಕುಡಿಸಬೇಕು. ಕರುವನ್ನು ದೂರ ಕಟ್ಟಿದಾಗ ಆಕಳು ತಿರುಗಿ ನೋಡಿ ಕೂಗಿತೆಂದರೆ ಅದನ್ನು ತನ್ನದೆಂದು ಒಪ್ಪಿತೆಂದೇ ತಿಳಿಯಬೇಕು.

ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಒದೆಯುವ ಆಕಳನ್ನು ಬಿಗಿದು ಕಟ್ಟಿ ಬಡಿದು ಕರುವನ್ನು ಕೂಡಿಸಹೊರಟರೆ ಮೊದಲ ಎರಡು ದೋಷಗಳು ತಗಲುತ್ತವೆ. ಕೂಡಿಸದೆ ಸುಮ್ಮನಿದ್ದರೆ? ಹಸಿದ ಕರುವಿನ ಮುಂದೆಯೇ ಹಾಲನ್ನು ಕರೆದುಕೊಂಡು ಹೋಗುವುದು ಅನ್ನಪಾನನಿರೋಧವಲ್ಲವೇ? ನಾವು ಕೊಲ್ಲುವುದಿಲ್ಲವೆಂದು ಸಮಾಧಾನಪಟ್ಟುಕೊಳ್ಳುತ್ತೇವೆ. ನಮ್ಮ ಮನೆಯ ಆ ಕರುವನ್ನು ಯಾರೂ ಕೊಲ್ಲಲಿಲ್ಲ. ಆದರೂ ಅದು ಸತ್ತಿತು.

ಬಂಧುಗಳೇ, ನಾಳೆ ಜಿನಬಿಂಬಕ್ಕೆ ಕ್ಷೀರಾಭಿಷೇಕವಾಗುವುದು. ಆ ಹಾಲು ಯಾವ ಕರುವಿನ ಪಾಲನ್ನೂ ಕಸಿದು ತಂದದ್ದಾಗಿರಬಾರದೆಂಬ ಎಚ್ಚರ ನಮಗಿರಲಿ. ನನ್ನ ಬಿನ್ನಹವಿಷ್ಟೇ: ಊರೂರಿನ ಬಸದಿಯಲ್ಲಿ ಒಂದು ಪುಸ್ತಕವನ್ನಿಡಿ. ಯಾರ ಮನೆಯಲ್ಲಿ ತಾಯಿ ಸತ್ತ ಕರುವಿದೆ, ಯಾರ ಮನೆಯಲ್ಲಿ ಕರು ಸತ್ತ ಆಕಳಿದೆ ಎಂಬುದನ್ನು, ಜಾತಿಮತಗಳನ್ನೆಣಿಸದೆ, ಅದರಲ್ಲಿ ಬರೆಯಿರಿ. ಅದೇ ದಿನ ಎರಡೂ ಮನೆಗಳಿಗೆ ಸುದ್ದಿ ಮುಟ್ಟಿಸಿರಿ. ಖರ್ಚು ಒಂದು ಪುಸ್ತಕ, ಒಂದು ಸೀಸದಕಡ್ಡಿ. ಗೋಡೆಯ ಈಚೆಗೊಂದು ಜೀವ, ಆಚೆಗೊಂದು ಜೀವ ಪರಸ್ಪರ ಹಂಬಲಿಸುತ್ತಿರುವಾಗ, ನಡುವೆ ಬಾಗಿಲಾಗುವ ಪುಣ್ಯ ನಮ್ಮದಾಗಲಿ.