ರಾಮನಗರದ ಹವೆ ಮತ್ತು ನಮ್ಮ ರೇಷ್ಮೆ ಬೆಳೆ



ಮುಗಿಲು ನೋಡಿ ಆರು ಹೂಡುವ ನಿಮಗೆ ಹವೆಯ ಮಾತು ಹೊಸದೇನಲ್ಲ. ಆದರೆ ರೇಷ್ಮೆ ಹುಳು ಸಾಕುವವರು ಮುಗಿಲು ನೋಡಿದರೆ ಸಾಲದು, ಮನೆಯೊಳಗಿನ ಹವೆಯನ್ನೂ ನೋಡಬೇಕು. ಇವತ್ತು ಆ ವಿಚಾರ ಹೇಳುತ್ತೇನೆ.

ಮೊದಲು ಊರಿನ ಚರಿತ್ರೆ. ಟಿಪ್ಪು ಸುಲ್ತಾನರ ಕಾಲದಲ್ಲಿ ರಾಮನಗರಕ್ಕೆ ಶಂಸೇರಾಬಾದ್ ಎಂದು ಹೆಸರಿತ್ತು. ಆಮೇಲೆ ಸರ್ ಬ್ಯಾರಿ ಕ್ಲೋಸ್ ಎಂಬ ಅಧಿಕಾರಿಯ ಹೆಸರಿನಿಂದ ಕ್ಲೋಸ್‌ಪೇಟೆ ಆಯಿತು. ಇಲ್ಲಿಯ ಬಂಡೆಗೆ ಭೂವಿಜ್ಞಾನಿಗಳು ಈಗಲೂ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಮೈಸೂರು ಸೀಮೆಗೆ ರೇಷ್ಮೆ ತಂದವರೂ ಟಿಪ್ಪು ಸುಲ್ತಾನರೇ. ಅಂದು ಹತ್ತಿದ ಕಸುಬು ಈ ತಾಲ್ಲೂಕುಗಳನ್ನು ಇಂದಿಗೂ ಬಿಟ್ಟಿಲ್ಲ.

ಏಕೆ ಬಿಟ್ಟಿಲ್ಲ? ಇಲ್ಲಿಯ ಹವೆ ಅದಕ್ಕೆ ಒಗ್ಗಿತು. ಊರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಚಳಿಯೂ ಮಿತ, ಸೆಕೆಯೂ ಬಹುಪಾಲು ಮಿತ. ಹಾಗಾಗಿ ವರ್ಷದಲ್ಲಿ ಹಲವು ಬೆಳೆ ಹುಳು ಸಾಕಬಹುದು. ಮಳೆ ಮಾತ್ರ ಧಾರಾಳವಲ್ಲ. ಪಶ್ಚಿಮ ಘಟ್ಟಗಳ ಮಳೆ ನಮ್ಮಲ್ಲಿಗೆ ಬರುವಷ್ಟರಲ್ಲಿ ಬಡವಾಗಿರುತ್ತದೆ. ವರ್ಷಕ್ಕೆ ಸುಮಾರು 800ರಿಂದ 900 ಮಿಲಿಮೀಟರ್. ಭರಣಿಯಲ್ಲಿ ಗುಡುಗು ಮಳೆ ಒಂದಿಷ್ಟು. ನಂಬಿಕೆಯ ಮಳೆಯೆಂದರೆ ಹಸ್ತ, ಚಿತ್ತೆಯದೇ. ಬಂಡೆಯ ಮೇಲಿನ ತೆಳು ಕೆಮ್ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ, ಹಳ್ಳ ಹಿಡಿದು ಅರ್ಕಾವತಿಗೆ ಓಡುತ್ತದೆ. ಅದಕ್ಕೇ ಹಿರಿಯರು ಕೆರೆ ಕಟ್ಟಿದರು. ಕಣ್ವ ಜಲಾಶಯವೂ ಇದೇ ಉದ್ದೇಶದಿಂದ ಎದ್ದದ್ದು.

ಈಗ ಹುಳುವಿನ ವಿಷಯ. ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ ಶಾಖ, ಎಳೆಯ ಸೊಪ್ಪು ಮತ್ತು ಒಳ್ಳೆಯ ತೇವ ಬೇಕು. ದೊಡ್ಡ ಹುಳುವಿಗೆ 24, 25 ಡಿಗ್ರಿ ಸಾಕು, ಗಾಳಿ ಆಡಬೇಕು. ನಾಲ್ಕನೇ ಜ್ವರದಿಂದ ಎದ್ದ ಮೇಲೆಯೇ ಹುಳು ಒಟ್ಟು ಸೊಪ್ಪಿನ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚು ತಿನ್ನುವುದು. ಅಷ್ಟು ಹೊತ್ತಿಗೆ ನಿಮ್ಮ ಸೊಪ್ಪು, ಕೂಲಿ, ನಿದ್ದೆ ಎಲ್ಲಾ ಖರ್ಚಾಗಿರುತ್ತದೆ. ಆ ವಾರದಲ್ಲಿ ಹವೆ ಕೆಟ್ಟರೆ ತಟ್ಟೆಗೆ ತಟ್ಟೆಯೇ ತಿಪ್ಪೆಗೆ ಹೋದೀತು; ಸಾಲ ಮಾತ್ರ ಮನೆಯಲ್ಲೇ ಉಳಿದೀತು.

ಬೇಸಿಗೆಯ ಶತ್ರುಗಳು ಸಪ್ಪೆ ರೋಗ ಮತ್ತು ಹಾಲುತೊಂಡೆ. ಆಗ ಹೀಗೆ ಮಾಡಿ. ಸೊಪ್ಪನ್ನು ಬೆಳಗಿನ ತಂಪಿನಲ್ಲೇ ಕೊಯ್ದು, ಒದ್ದೆ ಗೋಣಿಯಲ್ಲಿ ಮುಚ್ಚಿಡಿ. ಮಾಡಿನ ಮೇಲೆ ತೆಂಗಿನ ಗರಿ ಹೊದಿಸಿ, ಕಿಟಕಿಗೆ ಒದ್ದೆ ಗೋಣಿ ಕಟ್ಟಿ. ತಟ್ಟೆಯಲ್ಲಿ ಹುಳು ಕಿಕ್ಕಿರಿಯದಿರಲಿ. ಹೊಟ್ಟೆಗಿಲ್ಲದ ಹುಳುವಿಗಿಂತ ಬಾಡಿದ ಸೊಪ್ಪು ತಿಂದ ಹುಳು ಚೆನ್ನಾಗಿರುತ್ತದೆಂದು ತಿಳಿಯಬೇಡಿ, ಎರಡೂ ಸೊರಗುತ್ತವೆ.

ಮಳೆಗಾಲ, ಚಳಿಗಾಲದಲ್ಲಿ ಸುಣ್ಣಕಟ್ಟು ರೋಗದ ಕಾಟ. ಒದ್ದೆ ಸೊಪ್ಪು ಹಾಕಬೇಡಿ. ಹುಳು ಜ್ವರಕ್ಕೆ ಕೂತಾಗ ಸೊಪ್ಪು ನಿಲ್ಲಿಸಿ, ಸುಣ್ಣದ ಪುಡಿ ಉದುರಿಸಿ ಹಾಸಿಗೆ ಒಣಗಿಸಿ. ಸತ್ತ ಹುಳುವನ್ನು ಅಂಗಳಕ್ಕೆ ಎಸೆಯಬೇಡಿ, ಸುಟ್ಟುಬಿಡಿ. 1980ರಲ್ಲಿ ಕರ್ನಾಟಕಕ್ಕೆ ಬಂದ ಊಜಿ ನೊಣ ಇನ್ನೂ ಹೋಗಿಲ್ಲ. ಕಿಟಕಿ ಬಾಗಿಲಿಗೆ ನೈಲಾನ್ ಪರದೆ ಇರಲೇಬೇಕು.

ಎಲ್ಲಕ್ಕೂ ಮೊದಲು, ಒಂದು ಶಾಖಮಾಪಕ ತಂದು ಹುಳುಮನೆಯ ಗೋಡೆಗೆ ತೂಗುಹಾಕಿ. ಅದರ ಬೆಲೆ ಒಂದು ಕಿಲೋ ಗೂಡಿನ ಬೆಲೆಯನ್ನೂ ಮುಟ್ಟದು. ಮಳೆಯನ್ನು ತರಿಸುವುದು ನಮ್ಮ ಕೈಲಿಲ್ಲ. ಆದರೆ ಹುಳುಮನೆಯೊಳಗಿನ ಹವೆ ನಮ್ಮ ಕೈಲಿದೆ. ಅದನ್ನು ಹಿಡಿತದಲ್ಲಿಟ್ಟವರ ಗೂಡಿಗೆ ರಾಮನಗರದ ಮಾರುಕಟ್ಟೆಯಲ್ಲಿ ಬೆಲೆ ತಪ್ಪುವುದು ಅಪರೂಪ.