ಪರೀಕ್ಷೆ ಸರಿಯಿದೆ, ಉರಿ ಮಾತ್ರ ಹೋಗಿಲ್ಲ



ನಿಮ್ಮಲ್ಲಿ ಕೆಲವರ ಮನೆಯಲ್ಲಿ ಆರೇಳು ವರ್ಷದ ತಂಗಿಯೋ ತಮ್ಮನೋ ಇರಬಹುದು. ಮಗು ಮತ್ತೆ ಮತ್ತೆ ‘ಒಂದಕ್ಕೆ’ ಎಂದು ಓಡುತ್ತದೆ, ಉರಿ ಎನ್ನುತ್ತದೆ, ಕೆಲವೊಮ್ಮೆ ಚಡ್ಡಿ ಒದ್ದೆಯಾಗುತ್ತದೆ. ಮೂತ್ರಪರೀಕ್ಷೆ ಮಾಡಿಸಿದರೆ ಎಲ್ಲವೂ ಸರಿ. ಕಲ್ಚರ್‌ನಲ್ಲಿ ರೋಗಾಣು ಬೆಳೆದಿಲ್ಲ. ಆಗ ಮನೆಯಲ್ಲಿ ಎರಡು ಮಾತು ಕೇಳಿಬರುತ್ತದೆ. ‘ಸ್ಕೂಲು ತಪ್ಪಿಸಲು ನಾಟಕ’ ಎನ್ನುವವರು ಕೆಲವರು. ‘ಇನ್ನೊಂದು ಸಲ ಆಂಟಿಬಯೋಟಿಕ್ ಕೊಟ್ಟು ನೋಡೋಣ’ ಎನ್ನುವವರು ಮತ್ತೆ ಕೆಲವರು. ನನಗೆ ಇವೆರಡೂ ಒಪ್ಪಿಗೆಯಿಲ್ಲ.

ಕಲ್ಚರ್ ಪರೀಕ್ಷೆ ಹುಡುಕುವುದು ರೋಗಾಣುವನ್ನು. ಮೂತ್ರಕೋಶ ಹೇಗೆ ತುಂಬುತ್ತದೆ, ಪೂರ್ತಿ ಖಾಲಿಯಾಗುತ್ತದೆಯೇ ಎಂಬುದು ಅದರಲ್ಲಿ ತಿಳಿಯುವುದಿಲ್ಲ. ರೋಗಾಣುವೇ ಇಲ್ಲದಿದ್ದಾಗ ಆಂಟಿಬಯೋಟಿಕ್‌ನಿಂದ ಪ್ರಯೋಜನವೂ ಇಲ್ಲ.

ಮಗುವಿನ ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿದರೆ ಅದರ ಮೂತ್ರಕೋಶ ಸುಮಾರು ಎಷ್ಟು ಮಿಲಿಲೀಟರ್ ಹಿಡಿಯುತ್ತದೆಂದು ಸಿಗುತ್ತದೆ. ಏಳು ವರ್ಷಕ್ಕೆ 240. ದಿನಕ್ಕೆ ನಾಲ್ಕರಿಂದ ಏಳು ಬಾರಿ ಹೋಗುವುದು ಸಹಜ. ಆದರೆ ಶಾಲೆಯಲ್ಲಿ ಏನಾಗುತ್ತದೆ? ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ, ನಲ್ಲಿಯಲ್ಲಿ ನೀರಿಲ್ಲ, ಕಿರುಬೆರಳು ಎತ್ತಿದರೆ ಮೇಷ್ಟ್ರು ಗದರುತ್ತಾರೆ. ಮಗು ನೀರನ್ನೇ ಕುಡಿಯದೆ ಸಂಜೆಯವರೆಗೆ ತಡೆದುಕೊಂಡು ಕೂರುತ್ತದೆ. ಮೂತ್ರ ಗಟ್ಟಿಯಾಗಿ ಉರಿಯುತ್ತದೆ. ನಮ್ಮ ಕಡೆ ಇದನ್ನೇ ‘ಉಷ್ಣ’ ಎಂದು ಎಳನೀರು, ಬಾರ್ಲಿ ನೀರು ಕೊಡುತ್ತಾರೆ; ದ್ರವ ಹೆಚ್ಚು ಹೋಗುವುದರಿಂದ ಅಷ್ಟರಮಟ್ಟಿಗೆ ಅದು ಒಳ್ಳೆಯದೇ. ಆದರೆ ತಡೆದು ತಡೆದು ಬಿಗಿಯುವುದನ್ನು ರೂಢಿಸಿಕೊಂಡ ಸ್ನಾಯು ಹೋಗುವಾಗಲೂ ಸಡಿಲವಾಗುವುದಿಲ್ಲ. ಮೂತ್ರ ಒಳಗೇ ಸ್ವಲ್ಪ ಉಳಿಯುತ್ತದೆ, ಮತ್ತೆ ಅವಸರವಾಗುತ್ತದೆ.

ಮನೆಯವರು ನೆನಸದ ಇನ್ನೊಂದು ಕಾರಣ ಮಲಬದ್ಧತೆ. ಮಲಾಶಯ ಇರುವುದು ಮೂತ್ರಕೋಶದ ಹಿಂದೆಯೇ. ಅದು ತುಂಬಿ ಉಬ್ಬಿದರೆ ಮುಂದಿನದನ್ನು ಒತ್ತುತ್ತದೆ. ಅಮೆರಿಕದ ಅಯೋವಾದಲ್ಲಿ ಲೋನಿಂಗ್-ಬಾಕಿ ಎಂಬ ವೈದ್ಯೆ ಮಲಬದ್ಧತೆಯಿದ್ದ 234 ಮಕ್ಕಳನ್ನು ಗಮನಿಸಿ 1997ರಲ್ಲಿ ವರದಿ ಪ್ರಕಟಿಸಿದರು. ಮಲಬದ್ಧತೆ ವಾಸಿಯಾದವರಲ್ಲಿ, ಹಗಲು ಒದ್ದೆ ಮಾಡಿಕೊಳ್ಳುತ್ತಿದ್ದ ಮಕ್ಕಳ ಪೈಕಿ ನೂರಕ್ಕೆ 89 ಮಂದಿಗೆ ಆ ತೊಂದರೆ ನಿಂತಿತು. ಹೊಟ್ಟೆ ಸರಿಹೋದ ಮೇಲೆ ಮೂತ್ರವೂ ಸರಿಹೋಯಿತು! ‘ದಿನಾ ಹೋಗುತ್ತಾಳೆ’ ಎಂದ ಮಾತ್ರಕ್ಕೆ ಮಲಬದ್ಧತೆ ಇಲ್ಲವೆಂದಲ್ಲ. ಗಟ್ಟಿಯಾಗಿ, ನೋವಿನಿಂದ, ಸ್ವಲ್ಪವೇ ಹೋಗುತ್ತಿರಬಹುದು.

ಇಲ್ಲಿ ನೀವು ಅಣ್ಣನಾಗಿ, ಅಕ್ಕನಾಗಿ ಮಾಡಬಹುದಾದ ಕೆಲಸವಿದೆ. ಎರಡು ರಜಾದಿನ ಒಂದು ನೋಟ್‌ಬುಕ್ ಇಟ್ಟು, ಮಗು ಎಷ್ಟು ಹೊತ್ತಿಗೆ ಹೋಯಿತು, ಅಳತೆಯ ಲೋಟದಲ್ಲಿ ಎಷ್ಟು ಬಂತು, ಎಷ್ಟು ನೀರು ಕುಡಿಯಿತು, ಎರಡಕ್ಕೆ ಹೋಯಿತೇ ಎಂದು ಬರೆದಿಡಿ. ವೈದ್ಯರಿಗೆ ಈ ಪುಟ ಮತ್ತೊಂದು ಸ್ಕ್ಯಾನಿಂಗ್‌ಗಿಂತ ಹೆಚ್ಚು ಉಪಯೋಗಕ್ಕೆ ಬರುವುದುಂಟು. ಅವಸರವಾಗಲಿ ಬಿಡಲಿ, ಎರಡು ಮೂರು ಗಂಟೆಗೊಮ್ಮೆ ಕಳುಹಿಸಿ, ನಿಧಾನವಾಗಿ ಕೂರಲು ಬಿಡಿ. ಕಮೋಡ್ ಆದರೆ ಪಾದದ ಕೆಳಗೆ ಮಣೆ ಇಡಿ. ಕಾಲು ನೇತಾಡುತ್ತಿದ್ದರೆ ಸ್ನಾಯು ಸಡಿಲವಾಗದು. ಬೆಳಗಿನ ತಿಂಡಿಯಾದ ಮೇಲೆ ಐದು ನಿಮಿಷ ಎರಡಕ್ಕೆ ಕೂರಿಸಿ. ಸೊಪ್ಪು, ಹಣ್ಣು, ನೀರು ಬೇಕು. ಮಲ ಗಟ್ಟಿಯಾಗಿ ಕಟ್ಟಿಕೊಂಡಿದ್ದರೆ ವೈದ್ಯರು ಹೇಳುವ ಔಷಧಿಯೂ ಕೆಲವು ತಿಂಗಳು ಬೇಕಾದೀತು. ಹೆಣ್ಣುಮಕ್ಕಳಿಗೆ ಆ ಭಾಗಕ್ಕೆ ಸೋಪು, ಡೆಟಾಲ್ ಹಾಕಬೇಡಿ, ಬರೀ ನೀರು ಸಾಕು. ರಾತ್ರಿ ತುರಿಕೆಯಿದ್ದರೆ ಜಂತುಹುಳುವಿನ ವಿಚಾರ ವೈದ್ಯರಿಗೆ ತಿಳಿಸಿ.

ಕೆಲವು ಮಕ್ಕಳು ಇದ್ದಕ್ಕಿದ್ದಂತೆ ಹಗಲೆಲ್ಲ ಕಾಲು ಗಂಟೆಗೊಮ್ಮೆ ಹೋಗತೊಡಗುತ್ತಾರೆ. ಉರಿಯಿಲ್ಲ, ರಾತ್ರಿ ಮಲಗಿದರೆ ಏಳುವುದೂ ಇಲ್ಲ. ಹೊಸ ಶಾಲೆಯೋ ಮನೆಯಲ್ಲೊಂದು ಸಾವೋ ಇದರ ಹಿಂದೆ ಇರಬಹುದು. ಸಾಮಾನ್ಯವಾಗಿ ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ತಾನಾಗಿಯೇ ಹೋಗುತ್ತದೆ. ‘ಮತ್ತೆ ಹೋದೆಯಾ?’ ಎಂದು ಕೇಳುತ್ತಿರಬೇಡಿ.

ಜ್ವರ, ಮೂತ್ರದಲ್ಲಿ ರಕ್ತ, ಬೆನ್ನುನೋವು, ಮೂತ್ರ ತೊಟ್ಟುತೊಟ್ಟಾಗಿ ಬರುವುದು, ಕಾಲಲ್ಲಿ ಬಲವಿಲ್ಲದಿರುವುದು ಕಂಡರೆ ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ವಿಪರೀತ ಬಾಯಾರಿಕೆಯ ಜೊತೆ ತೂಕ ಇಳಿಯುತ್ತಿದ್ದರೆ ಅದೇ ದಿನ ರಕ್ತದ ಸಕ್ಕರೆ ನೋಡಿಸಬೇಕು. ಆ ಭಾಗವನ್ನು ಯಾರಾದರೂ ಮುಟ್ಟಿದರೇ, ನೋಯಿಸಿದರೇ ಎಂದು ತಾಯಿಯೋ ವೈದ್ಯರೋ ಮೆಲ್ಲಗೆ, ಏಕಾಂತದಲ್ಲಿ ಕೇಳಲೂಬೇಕು. ಮಗು ನಿಮ್ಮ ಹತ್ತಿರವೇ ಮೊದಲು ಬಾಯಿಬಿಟ್ಟರೆ, ಅದನ್ನು ನಂಬಿ, ಹಿರಿಯರಿಗೆ ಆಗಲೇ ತಿಳಿಸಿ.